ಇಂದೂ ಕಾಕುವಿನ ಹಣೆ

ಇಂದೂ ಕಾಕುವಿನ ಹಣೆಯ ನಡುವೆ ಬಿಳಿಚಿದ ದುಂಡು ಗುರುತೊಂದಿತ್ತು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಟಿಕಲಿ ಬೊಟ್ಟು ಅಂಟಿಸಿ ಅಂಟಿಸಿ, ಅದರ ಗೋಂದಿಗೆ ಅಲ್ಲಿಯ ಚರ್ಮ ಬಣ್ಣ ಕಳೆದುಕೊಂಡಿತ್ತು. ಟೀವಿ ಧಾರಾವಾಹಿಯಲ್ಲಿ ಅವಳು ವಿಧವೆಯ ಪಾತ್ರ ಮಾಡುತ್ತಿದ್ದಾಗ ಮೇಕಪ್ಪಿನವನ ಮೊದಲ ಕೆಲಸ ಆ ಗುರುತನ್ನು ಮುಚ್ಚುವುದು. ಟಿಕಲಿ ತೆಗೆದರೆ ಸಾಲದು, ಟಿಕಲಿ ಇತ್ತೆನ್ನುವ ಸುಳಿವೂ ಹೋಗಬೇಕು.

ಗುರುತು ಎಂಟಾಣೆಯಷ್ಟು ದೊಡ್ಡದಿತ್ತು ಎಂದು ನನ್ನ ನೆನಪು. ಬಟಾಣಿಕಾಳಿನಷ್ಟಿತ್ತು ಎಂದು ಅಮ್ಮ ಹೇಳುತ್ತಾಳೆ. ಇಲ್ಲಿ ಬರೆಯುತ್ತಿರುವುದರಲ್ಲಿ ಇಂಥ ತಪ್ಪುಗಳು ಇನ್ನೂ ಇರಬಹುದು. ಕಾಲೇಜಿನಿಂದಲೂ ದಿನಚರಿ ಬರೆಯುತ್ತ ಬಂದಿದ್ದೇನೆ, ಆದರೆ ಬರೆಯಲೇಬೇಕಿದ್ದ ದಿನಗಳಲ್ಲಿ ಬರೆದಿಲ್ಲ. ಬರೆದ ದಿನಗಳಲ್ಲಿ ಇರುವುದು ಬಸ್ಸು, ಪರೀಕ್ಷೆ, ಹವೆ. ಹಾಗಾಗಿ ನೆನಪನ್ನೇ ನಂಬಬೇಕು, ಅಥವಾ ನಂಬಿದಂತೆ ಮಾಡಬೇಕು.

ಕಾಕು ನನ್ನ ಅಪ್ಪನ ತಮ್ಮನ ಹೆಂಡತಿ. ಬೆಳಗಾವಿ ಕಡೆಯವಳು, ಮದುವೆಯಾಗಿ ಪುಣೆಗೆ ಬಂದಳು. ಕಾಕಾ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಶಿವಾಜಿನಗರದ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆ. ಮಕ್ಕಳಿರಲಿಲ್ಲ. ಅಜ್ಜಿ, ಅಂದರೆ ಕಾಕಾನ ತಾಯಿ, ಅವರ ಜೊತೆಗಿದ್ದಳು. ಎಂ.ಎ. ಓದಲು ಧಾರವಾಡದಿಂದ ಬಂದ ನಾನು ನಾಲ್ಕನೆಯವಳಾಗಿ ಸೇರಿಕೊಂಡೆ.

ಕಾಕು ನಟನೆಗೆ ಬಂದದ್ದರಲ್ಲಿ ದೊಡ್ಡ ಕಥೆಯೇನೂ ಇಲ್ಲ. ಕೆಳಗಿನ ಮನೆಯವರ ಹವ್ಯಾಸಿ ತಂಡದಲ್ಲಿ ಒಬ್ಬಳಿಗೆ ಜ್ವರ ಬಂತು, ಇವಳನ್ನು ಕರೆದರು. ಅಲ್ಲಿಂದ ಏಕಾಂಕ ಸ್ಪರ್ಧೆಗಳು, ಆಮೇಲೆ ಟಿಕೆಟ್ಟಿನ ಮರಾಠಿ ನಾಟಕಗಳು, ಕಂಪನಿಯ ಬಸ್ಸಿನಲ್ಲಿ ಸಾಂಗಲಿ, ಸೊಲ್ಲಾಪುರ, ನಾಸಿಕ. ಟೀವಿಯಲ್ಲಿ ಬಹಳ ವರ್ಷ ಅವಳು ನರ್ಸು, ಜಡ್ಜು, ಪಕ್ಕದ ಮನೆಯವಳು. ಹೆಸರಿಲ್ಲದ ಪಾತ್ರಗಳು. 'ನಾ ಬಾಗಲಾ ತೆಗಿಯೂದರಾಗ ಭಾಳ ಹುಷಾರ. ಪುಣೇದಾಗ ನನ್ನಷ್ಟು ಬಾಗಲಾ ತೆಗದಾಕಿ ಇನ್ನೊಬ್ಬಾಕಿ ಇಲ್ಲ' ಎನ್ನುತ್ತಿದ್ದಳು.

ಮಾತುಗಳನ್ನು ಅವಳು ಕಲಿಯುತ್ತಿದ್ದದ್ದು ಜೋಳದ ರೊಟ್ಟಿ ತಟ್ಟುತ್ತ. ಕೂತು ಓದಿದರೆ ತಲೆಗೆ ಹೋಗುತ್ತಿರಲಿಲ್ಲವಂತೆ. ಸ್ಕ್ರಿಪ್ಟಿನ ಹಾಳೆಯನ್ನು ಎಣ್ಣೆಡಬ್ಬಿಗೆ ಒರಗಿಸಿ ತಟ್ಟುತ್ತ ಹೇಳಿಕೊಳ್ಳುವಳು. ಅಳುವ ದೃಶ್ಯವಿದ್ದರೆ ರೊಟ್ಟಿ ದಪ್ಪ, ಜಗಳವಿದ್ದರೆ ಅಂಚು ಹರಿದಿರುತ್ತಿತ್ತು. ಕಾಕಾ ಊಟಕ್ಕೆ ಕೂತು ರೊಟ್ಟಿಯನ್ನು ಬೆಳಕಿಗೆ ಹಿಡಿದು, ನಾಳೆ ಯಾರ ಜೋಡಿ ಜಗಳ ಎಂದು ಕೇಳುತ್ತಿದ್ದ. ಅವನು ಅವಳ ಒಂದು ನಾಟಕವನ್ನೂ ತಪ್ಪಿಸಿದವನಲ್ಲ. ಹೆಚ್ಚಿನವುಗಳಲ್ಲಿ ನಿದ್ದೆ ಮಾಡಿದ್ದ.

ನಾನು ಪುಣೆಗೆ ಬಂದ ವರ್ಷವೇ ಅವಳಿಗೆ ಹೆಸರಿರುವ ಪಾತ್ರ ಸಿಕ್ಕಿತು. ದಿನವೂ ಬರುವ ಧಾರಾವಾಹಿಯಲ್ಲಿ ಮನೆಯ ಹಿರಿಯಳು, 'ಮಾಯಿ'. ಗಂಡನ ಫೋಟೊಗೆ ಗಂಧದ ಹಾರ, ಮಾಯಿಗೆ ಖಾಲಿ ಹಣೆ, ಬೂದುಬಣ್ಣದ ಸೀರೆ. ಮನೆಯಲ್ಲಿ ಹೇಳಿದಾಗ ಕಾಕಾ ಖುಷಿಪಟ್ಟ. ಅಜ್ಜಿ ಒಪ್ಪಲಿಲ್ಲ.

ಅಜ್ಜಿ ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡವಳು. ಅವಳ ಹಣೆ ಖಾಲಿಯಾಗಿರುವುದನ್ನೇ ನಾವೆಲ್ಲ ನೋಡುತ್ತ ಬೆಳೆದದ್ದು. ಅವಳು ಕೂಗಾಡುವವಳಲ್ಲ. ಅಕ್ಕಿ ಆರಿಸುತ್ತ ಒಂದೇ ಮಾತು ಹೇಳಿದಳು: 'ನಾ ಬ್ಯಾಡ ಬ್ಯಾಡ ಅಂದ್ರೂ ನಂದು ಅಳಿಸಿದ್ರು. ನೀ ಕುರ್ಚಿ ಮ್ಯಾಲೆ ಕೂತು ಅಳಿಸ್ಕೊಂಡು ಬರ್ತೀಯೇನ?'

ಕಾಕು ಪಾತ್ರವನ್ನು ಬಿಡಲಿಲ್ಲ. ಆದರೆ ತನಗೆ ತಾನೇ ಒಂದು ನೇಮ ಹಾಕಿಕೊಂಡಳು. ಸೆಟ್ಟಿನಲ್ಲಿ ತಾಳಿಯನ್ನು ಬಿಚ್ಚಿ ಚೀಲಕ್ಕೆ ಹಾಕುತ್ತಿರಲಿಲ್ಲ, ರವಿಕೆಯ ಒಳಗೆ ಪಿನ್ನು ಹಚ್ಚಿ ಇಟ್ಟುಕೊಳ್ಳುತ್ತಿದ್ದಳು. ಶೂಟಿಂಗು ಮುಗಿದ ಮೇಲೆ ಮೇಕಪ್ ಕೋಣೆಯ ಹೊಸ್ತಿಲು ದಾಟುವ ಮೊದಲೇ ಟಿಕಲಿ ಹಚ್ಚಿಕೊಳ್ಳಬೇಕು. ಎಷ್ಟೇ ಅವಸರವಿದ್ದರೂ ಸರಿ. ನಾನು ಕೆಲವು ಸಲ ಅವಳ ಜೊತೆ ಹೋಗಿದ್ದೇನೆ. ಹಡಪಸರದಾಚೆ ಬಾಡಿಗೆಗೆ ಹಿಡಿದ ಬಂಗಲೆ. ಡ್ರೈವರು ಹಾರ್ನು ಬಾರಿಸುತ್ತಿದ್ದರೂ ಅವಳು ಕನ್ನಡಿಯ ಮುಂದೆ ನಿಂತು ಟಿಕಲಿಯನ್ನು ಸರಿಯಾಗಿ ನಡುವೆ ಕೂಡಿಸುತ್ತಿದ್ದಳು.

ಧಾರಾವಾಹಿ ಶುರುವಾದಾಗ ಅಜ್ಜಿ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗುತ್ತಿದ್ದಳು. ಬಾಗಿಲು ಮಾತ್ರ ಅರ್ಧ ತೆರೆದಿರುತ್ತಿತ್ತು. ಕೆಲವು ವಾರಗಳಾದ ಮೇಲೆ ಒಂದು ಸಂಜೆ ಕಂತು ಮುಗಿಯುತ್ತಲೇ ಹೊರಗೆ ಬಂದು ಕೂತಳು. ಅಂದಿನ ಕಂತಿನಲ್ಲಿ ಮನೆಗೆ ಅರಿಸಿನ ಕುಂಕುಮಕ್ಕೆ ಹೆಂಗಸರು ಬಂದಿದ್ದರು, ಒಬ್ಬಳು ಮಾಯಿಗೆ ಚುಚ್ಚಿ ಮಾತಾಡಿದ ಮೇಲೆ ಮಾಯಿ ಕಣ್ಣೀರು ಒರೆಸಿಕೊಂಡು ಒಳಗೆ ಹೋಗಿದ್ದಳು. ಅಜ್ಜಿ ಕಾಕುವಿಗೆ ಹೇಳಿದಳು: 'ಹಂಗ ಇರೂದಿಲ್ಲದು. ಯಾರೂ ಹೋಗು ಅನ್ನೂದಿಲ್ಲ. ಅನ್ನೂಕಿಂತ ಮೊದಲ ನಾವ ಎದ್ದು ಹೋಗಿರತೀವಿ. ಒಲಿ ಮ್ಯಾಲೆ ಏನೋ ಅದ ಅಂತ.'

ಕಾಕು ಹಿಟ್ಟಿನ ಕೈ ಹಾಗೇ ಹಿಡಿದು ಕೇಳಿಸಿಕೊಂಡಳು. ಹಬ್ಬದ ಕಂತುಗಳು ಬಂದಾಗ ನಿರ್ದೇಶಕನಿಗೆ ಹೇಳಿ ಅಂಥದೇ ಇನ್ನೊಂದು ದೃಶ್ಯವನ್ನು ಅಜ್ಜಿ ಹೇಳಿದಂತೆಯೇ ಮಾಡಿದಳು. ಹೆಂಗಸರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತಾರೆ, ಮಾಯಿ ಹಾಲು ಉಕ್ಕಿತೇನೋ ಎಂದು ನಗುನಗುತ್ತ ಅಡಿಗೆಮನೆಗೆ ಹೋಗುತ್ತಾಳೆ. ಒಲೆಯ ಮೇಲೆ ಏನೂ ಇರುವುದಿಲ್ಲ. ಅದಾದ ಮೇಲೆ ಕಾಕು ರಸ್ತೆಯಲ್ಲಿ ನಡೆಯುವುದೇ ಕಷ್ಟವಾಯಿತು. ಅಷ್ಟು ಜನ ಕಾಲಿಗೆ ಬೀಳುತ್ತಿದ್ದರು. ಅಜ್ಜಿ ಆಮೇಲೆ ದಿನವೂ ಹೊರಗೆ ಕೂತೇ ನೋಡಿದಳು, ಸೆರಗು ಹೊದ್ದ ರೀತಿ ತಪ್ಪು, ಅವಸರದ ನಡಿಗೆ ತಪ್ಪು ಎಂದು ತಿದ್ದಿದಳು. ಪಾತ್ರಕ್ಕೆ ಒಪ್ಪಿದೆ ಎಂದು ಮಾತ್ರ ಎಂದೂ ಹೇಳಲಿಲ್ಲ.

ಒಮ್ಮೆ ತರಕಾರಿ ಮಾರುಕಟ್ಟೆಯಲ್ಲಿ ಒಬ್ಬ ಹೆಂಗಸು ಕಾಕುವನ್ನು ತಡೆದು ನಿಲ್ಲಿಸಿ, ಅವಳ ಟಿಕಲಿಯನ್ನೂ ಪಕ್ಕದಲ್ಲಿ ಚೀಲ ಹಿಡಿದು ನಿಂತ ಕಾಕಾನನ್ನೂ ನೋಡಿ, ಇವರು ಯಾರು ಮಾಯಿ ಎಂದು ಮರಾಠಿಯಲ್ಲಿ ಅನುಮಾನದಿಂದ ಕೇಳಿದಳಂತೆ. ಕಾಕಾ ತಾನೇ ಮುಂದಾಗಿ, ನಾನು ಫೋಟೊದಲ್ಲಿರುವವನು ಎಂದನಂತೆ. ಮನೆಗೆ ಬಂದು ಅದನ್ನು ನಟಿಸಿ ತೋರಿಸಿದ. ನಾನೂ ಕಾಕುವೂ ಬಿದ್ದು ಬಿದ್ದು ನಕ್ಕೆವು. ಅಜ್ಜಿ ಎದ್ದು ದೇವರ ಕಪಾಟಿನ ಮುಂದೆ ಹೋಗಿ ನಿಂತಳು.

ಕಾಕಾ ಕಾರ್ಖಾನೆಯಲ್ಲಿ ಕುಸಿದು ಬಿದ್ದದ್ದು ಅದಾದ ಮರುವರ್ಷ. ಆಸ್ಪತ್ರೆಗೆ ತಂದರು. ನಾನೂ ಅಜ್ಜಿಯೂ ರಿಕ್ಷಾದಲ್ಲಿ ಮೊದಲು ಮುಟ್ಟಿದೆವು. ಕಾಕು ಹಡಪಸರದ ಸೆಟ್ಟಿನಿಂದ ನೇರವಾಗಿ ಬಂದಳು. ಕಾರಿನಿಂದ ಇಳಿದಾಗ ಮಾಯಿಯ ಬೂದು ಸೀರೆಯಲ್ಲೇ ಇದ್ದಳು, ಹಣೆ ಖಾಲಿಯಿತ್ತು. ಫೋನು ಬಂದ ಕೂಡಲೇ ಓಡಿದ್ದಳು. ಅಷ್ಟು ದಿನ ಪಾಲಿಸಿದ ನೇಮ ಅವತ್ತೊಂದೇ ದಿನ ತಪ್ಪಿತು. ಅಜ್ಜಿ ಅವಳ ಮುಖ ನೋಡಿದಳು, ಮುಖವಲ್ಲ, ಹಣೆ. ಅಂಬುಲೆನ್ಸಿನವರು ದಾರಿ ಬಿಡಿ ಎಂದು ನಮ್ಮನ್ನು ಪಕ್ಕಕ್ಕೆ ಸರಿಸಿದರು.

ಆ ಹೊತ್ತಿಗೆ ಕಾಕಾ ಇನ್ನೂ ಬದುಕಿದ್ದ, ಕಾಕು ಬಂದು ಸ್ವಲ್ಪ ಹೊತ್ತಿಗೆ ಹೋದ, ಎಂದು ನನ್ನ ನೆನಪು. ಅಷ್ಟರಲ್ಲಿ ಎಲ್ಲ ಮುಗಿದಿತ್ತು, ಡಾಕ್ಟರು ಹೇಳಿರಲಿಲ್ಲ ಅಷ್ಟೆ, ಎಂದು ಅಮ್ಮನ ವಾದ. ಅಮ್ಮ ಅಲ್ಲಿರಲಿಲ್ಲ, ಆದರೆ ಅಪ್ಪ ಅವಳಿಗೆ ಹಾಗೆ ಹೇಳಿದ್ದಾನೆ. ಅಪ್ಪನೂ ಅಲ್ಲಿರಲಿಲ್ಲ. ಯಾವುದು ಮೊದಲು ಎನ್ನುವುದು ಡಾಕ್ಟರಿಗೆ ಮುಖ್ಯವಲ್ಲದಿರಬಹುದು. ನಮ್ಮ ಮನೆಯಲ್ಲಿ ಅದೇ ಮುಖ್ಯವಾಯಿತು. ಹದಿಮೂರು ದಿನವೂ ಬಂದುಹೋಗುವ ಹೆಂಗಸರು ಅಡಿಗೆಮನೆಯಲ್ಲಿ ಧ್ವನಿ ತಗ್ಗಿಸಿ ಅದನ್ನೇ ಆಡಿದರು: ಗಂಡ ಜೀವಂತ ಇದ್ದಾಗ ದಿನಾ ಅಳಿಸಿಕೊಂಡಳು, ಕಡೆಗೆ ಹಾಗೇ ಎದುರಿಗೆ ಬಂದು ನಿಂತಳು. ಅಜ್ಜಿ ಆ ಮಾತಿಗೆ ಸೇರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಮತ್ತೆ ಶೂಟಿಂಗಿಗೆ ಹೋದ ಮೊದಲ ದಿನ ಕಾಕು ನನ್ನನ್ನು ಜೊತೆಗೆ ಕರೆದುಕೊಂಡಳು. ಕನ್ನಡಿಯ ಮುಂದೆ ಕೂತಾಗ ಅವಳ ಹಣೆಯಲ್ಲಿ ಟಿಕಲಿ ಇರಲಿಲ್ಲ. ಮೇಕಪ್ಪಿನವನು ಹತ್ತಿಯನ್ನು ಕೈಯಲ್ಲಿ ಹಿಡಿದು ಏನು ಮಾಡಬೇಕೋ ತಿಳಿಯದೆ ನಿಂತ. ಕಾಕು ಚೀಲದಿಂದ ಟಿಕಲಿಯ ಪಾಕೀಟು ತೆಗೆದು ಒಂದನ್ನು ಹಚ್ಚಿಕೊಂಡು, ಈಗ ತೆಗಿ ಎಂದು ಅವನಿಗೆ ಮರಾಠಿಯಲ್ಲಿ ಹೇಳಿದಳು. ಅವನು ತೆಗೆದ. ಅಂದಿನ ಕೆಲಸ ಎಂದಿನಂತೆ ನಡೆಯಿತು. ಸಂಜೆ ಹೊಸ್ತಿಲು ದಾಟುವ ಮೊದಲು ಕನ್ನಡಿಯ ಮುಂದೆ ನಿಂತು ಇನ್ನೊಂದನ್ನು ಹಚ್ಚಿಕೊಂಡಳು.

ಮನೆಯ ಬಾಗಿಲು ತೆರೆದವಳು ಅಮ್ಮ, ಕಾಕಾನ ದಿನಗಳಿಗೆಂದು ಧಾರವಾಡದಿಂದ ಬಂದವಳು ಇನ್ನೂ ಅಲ್ಲೇ ಇದ್ದಳು. ಅಜ್ಜಿ ಒಳಗೆ ಮಂಚದ ಮೇಲಿದ್ದಳು, ಅಲ್ಲಿಂದ ಬಾಗಿಲು ಕಾಣುತ್ತದೆ. ಅಮ್ಮ ಗಾಬರಿಯಾಗಿ, ಇದೇನ ಇಂದೂ, ಅತ್ತಿ ನೋಡ್ತಾರ, ಎಂದು ಪಿಸುಗುಟ್ಟಿದಳು. ಕಾಕು ಚಪ್ಪಲಿ ಬಿಡುತ್ತ, ಒಳಗಿನವರಿಗೂ ಕೇಳುವಂತೆ, ನಾಟಕದ ಧ್ವನಿಯಲ್ಲಲ್ಲ, ಮಾಮೂಲಿ ಧ್ವನಿಯಲ್ಲಿ ಹೇಳಿದಳು: 'ಅಲ್ಲೆ ಪಗಾರ ಕೊಡತಾರ ವೈನಿ, ಅದಕ್ಕ ಬೋಳ ಹಣಿ ಇಟ್ಕೋತೀನಿ. ಮನ್ಯಾಗ ಯಾರು ಕೊಡತಾರ?'

ಈ ಮಾತನ್ನು ನಾನು ಹಲವು ಜನರಿಗೆ ಹೇಳಿದ್ದೇನೆ, ಎಲ್ಲರೂ ನಗುತ್ತಾರೆ. ಅವತ್ತು ಯಾರೂ ನಗಲಿಲ್ಲ. ಅಜ್ಜಿ ಎಡಕ್ಕೆ ಹೊರಳಿ ಮಲಗಿದಳು. ಆಮೇಲೆ ಎರಡು ತಿಂಗಳು ಅವರಿಬ್ಬರ ನಡುವೆ ಮಾತಿರಲಿಲ್ಲ ಎಂದು ಅಮ್ಮ ಹೇಳುತ್ತಾಳೆ. ಅಮ್ಮ ವಾರದಲ್ಲೇ ಧಾರವಾಡಕ್ಕೆ ಹೋದಳು, ಅವಳಿಗೆ ಹೇಗೆ ಗೊತ್ತು? ಆ ಮನೆಯಲ್ಲಿದ್ದವಳು ನಾನು. ಅವರು ಮಾತಾಡುತ್ತಿದ್ದರು, ಆದರೆ ಚಹಾ, ಗುಳಿಗೆ, ಹಾಲಿನವನು, ಇಷ್ಟೇ. ಸೆರಗು ಸರಿಯಿಲ್ಲ, ನಡಿಗೆ ಸರಿಯಿಲ್ಲ ಎಂದು ತಿದ್ದುವುದು ನಿಂತಿತ್ತು. ಕಾಕುವಿಗೆ ಅದರ ಕೊರತೆ ಕಾಣುತ್ತಿತ್ತು. ಕಂತು ಮುಗಿದ ಮೇಲೆ ಟೀವಿ ಆರಿಸದೆ ಅಜ್ಜಿಯ ಕಡೆ ನೋಡುತ್ತ ಕೂತಿರುತ್ತಿದ್ದಳು. ಅಪ್ಪ ಅಜ್ಜಿಯನ್ನು ಊರಿಗೆ ಕರೆದೊಯ್ಯಲು ಬಂದ. ಅಜ್ಜಿ ಹೋಗಲಿಲ್ಲ.

ಮಾಯಿಯ ಧಾರಾವಾಹಿ ಮುಗಿದು ಬಹಳ ಕಾಲವಾಯಿತು. ಕಾಕು ಮತ್ತೆ ಬಾಗಿಲು ತೆಗೆಯುವ ಪಾತ್ರಗಳಿಗೆ ಮರಳಿದಳು, ನಡುನಡುವೆ ನಾಟಕ. ಪ್ರಶಸ್ತಿ ಒಂದೋ ಎರಡೋ ಬಂದವು, ಅವುಗಳ ಮೇಲೆ ಅಜ್ಜಿಯ ಕನ್ನಡಕದ ಡಬ್ಬಿ ಇರುತ್ತಿತ್ತು. ನಾನು ಓದು ಮುಗಿಸಿ, ಕೆಲಸ ಹಿಡಿದು, ಹಡಪಸರದಲ್ಲಿ ಬೇರೆ ಮನೆ ಮಾಡಿದೆ. ಭಾನುವಾರ ಹೋಗುತ್ತಿದ್ದೆ. ಕಳೆದ ವರ್ಷ ಕೊನೆಯ ಸಲ ಕಂಡಾಗ ಕಾಕು ಮಗನ ಮೇಲೆ ಕೋರ್ಟಿಗೆ ಹೋಗುವ ಮುದುಕಿಯ ಪಾತ್ರ ಕಲಿಯುತ್ತಿದ್ದಳು. ರೊಟ್ಟಿಗಳೆಲ್ಲ ಹರಿದಿದ್ದವು. ಅಜ್ಜಿ ಹಾಲಿನಲ್ಲಿ ನೆನೆಸಿ ತಿಂದಳು.

ಅದೇ ವಾರ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಕಾಕು ಏಳಲಿಲ್ಲ. ಮನೆಯಲ್ಲಿ ಅವರಿಬ್ಬರೇ. ಅಜ್ಜಿ ಪಕ್ಕದ ಮನೆಯ ಬಾಗಿಲು ಬಡಿದು ಕರೆದಳಂತೆ. ಆಫೀಸಿನಿಂದ ಟ್ರಾಫಿಕ್ಕಿನಲ್ಲಿ ಸಿಕ್ಕು ನಾನು ಮುಟ್ಟುವಷ್ಟರಲ್ಲಿ ಕಾಕುವನ್ನು ಹೊರಗಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಹಣೆಯಲ್ಲಿ ಟಿಕಲಿ ಇರಲಿಲ್ಲ, ಕುಂಕುಮ ಇತ್ತು. ಕೆಂಪು ಕುಂಕುಮವನ್ನು ನೀರಿನಲ್ಲಿ ಕಲಸಿ ಬೆರಳಿನಿಂದ ದುಂಡಗೆ ಹಚ್ಚಿದ್ದು, ಮುತ್ತೈದೆಗೆ ಹಚ್ಚುವ ಹಾಗೆ. ಅಂಚು ಒಂದು ಕಡೆ ಅಲುಗಿತ್ತು. ಕಾಕು ಕುಂಕುಮ ಹಚ್ಚಿಕೊಳ್ಳುತ್ತಿರಲಿಲ್ಲ, ಅವಳದು ಯಾವಾಗಲೂ ಅಂಟಿಸುವ ಟಿಕಲಿ. ಪಕ್ಕದ ಮನೆಯಾಕೆಯನ್ನು ಕೇಳಿದರೆ, ತಾನು ಬರುವಾಗಲೇ ಅದು ಹಾಗಿತ್ತು ಎಂದಳು. ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿ ತಲೆಯ ಹತ್ತಿರವೇ ಕೂತಿದ್ದಳು, ಕೈಗಳು ಸೆರಗಿನ ಒಳಗಿದ್ದವು. ಯಾರೂ ಕುಂಕುಮವನ್ನು ಮುಟ್ಟಲಿಲ್ಲ. ಕಾಕು ಹಾಗೆಯೇ ಹೋದಳು.

ಅಜ್ಜಿ ಈಗ ಧಾರವಾಡದಲ್ಲಿದ್ದಾಳೆ. ದೀಪಾವಳಿಗೆ ಹೋದಾಗ, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ, ಹತ್ತಿರ ಕೂತು ಕೇಳಿದೆ: 'ಅಜ್ಜಿ, ಕಾಕೂನ ಹಣಿಗೆ ಕುಂಕುಮ ನೀ ಹಚ್ಚಿದ್ಯೇನ?'

ಅವಳ ಕಿವಿ ಈಗಲೂ ಚುರುಕು. ಕಿಟಕಿಯ ಹೊರಗೆ ನೋಡುತ್ತ ಕೂತಳು. ಪುಣೆಗೆ ಮರಳಿದ ಮೇಲೆ ಫೋನಿನಲ್ಲಿ ಇನ್ನೊಮ್ಮೆ ಕೇಳಿದೆ. ನಿಂದು ಊಟ ಆತೇನ, ಎಂದಳು.