ಅವ್ವ ಎಬ್ಬಿಸಿದ ಚಿಪ್

ಗೆಳೆಯರೇ, ರಂಗಂಪೇಟೆಯ ನಮ್ಮ ಮನೆಯ ನೀರಿನ ಟಾಕಿಗೆ ನಾನು ಕಟ್ಟಿದ ಸರ್ಕ್ಯೂಟಿನ ಸೆಲ್ ಇಂದು ಸತ್ತಿತು. ವರ್ಷ ಬಾಳಬೇಕಿದ್ದದ್ದು ಎರಡೇ ವಾರಕ್ಕೆ! ಅದರ ಮೈಕ್ರೊಕಂಟ್ರೋಲರ್ ಚಿಪ್ ಸದಾ ನಿದ್ದೆಯಲ್ಲಿದ್ದು, ಗಂಟೆಗೊಮ್ಮೆ ಎದ್ದು ನೀರಿನ ಮಟ್ಟ ನೋಡಿ ಮತ್ತೆ ಮಲಗುತ್ತದೆ. ಅವಸರವಿದ್ದರೆ ಬಟನ್ ಒತ್ತಿ ಎಬ್ಬಿಸಬಹುದು; ಆದರೆ ಎದ್ದಷ್ಟೂ ಸೆಲ್ ಖರ್ಚಾಗುತ್ತದೆ.

“ಅವ್ವಾ, ನೀ ಬಟನ್ ಒತ್ತಿದ್ಯೇನು?”

“ಮಲ್ಕೊಂಡದ ಅಂದಿದ್ದಿ. ಎಷ್ಟೊತ್ತಾದ್ರೂ ಮಿಸುಕಾಡವಲ್ದು. ಜೀವ ಅದನೋ ಇಲ್ಲೋ ಅಂತ ಆಗಾಗ ಎಬ್ಬಿಸಿ ನೋಡೀನಿ. ನೀ ಸಣ್ಣಾಂವ ಇದ್ದಾಗ ನಿನ್ನ ಮೂಗಿನ ಮುಂದೂ ಹಿಂಗೇ ಬೆರಳಿಟ್ಟು ನೋಡ್ತಿದ್ದೆ.”

ಬೈಯಲು ಬಂದಿದ್ದ ನಾನು ಹೊಸ ಸೆಲ್ ಹಾಕಿ, ನಿಮಿಷಕ್ಕೊಮ್ಮೆ ಪುಟ್ಟ ಕೆಂಪು ದೀಪ ಮಿನುಗುವಂತೆ ಮಾಡಿದೆ. ಅದು ಉಸಿರಾಡುತ್ತಿದೆ ಎಂದು ಅವ್ವನಿಗೆ ಗೊತ್ತಾಗಲಿ. ದೀಪವೂ ಸೆಲ್ ತಿನ್ನುತ್ತದೆ, ನಿಜ. ಆದರೆ ಅವ್ವನ ಕಾಳಜಿಯಷ್ಟಲ್ಲ.