ಮುತ್ತುಬೆಟ್ಟಿನ ಪಟ್ಟ

ಸಾಮ್ರಾಜ್ಯಗಳು ರಕ್ತದಲ್ಲಿ ಹುಟ್ಟಿ, ವೈಭವದಲ್ಲಿ ಮೆರೆದು, ಕೊನೆಗೆ ಕಾಲಗರ್ಭ ಸೇರುತ್ತವೆ. ನಾನು ಹತ್ತಿರದಿಂದ ಕಂಡ ಒಂದೇ ಸಾಮ್ರಾಜ್ಯ ಮಾತ್ರ ಲಂಡನ್ನಿನ ಕಿಂಗ್ಸ್‌ಬರಿಯ ಹೋಟೆಲೊಂದರಲ್ಲಿ, ತರಕಾರಿ ಆರ್ಡರ್ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಹುಟ್ಟಿತು.

ಅದರ ಸ್ಥಾಪಕರು ಕುಂದಾಪುರದ ಭಾಸ್ಕರ ಶೆಟ್ಟರು. ಮೂವತ್ತು ವರ್ಷ ದೋಸೆ ಕಲ್ಲಿನ ಮುಂದೆ ನಿಂತು ನಿವೃತ್ತರಾದವರು, ಮದುವೆಯಾಗದವರು. ಒಲಿಂಪಿಕ್ಸ್ ಮುಗಿದ ಚಳಿಗಾಲದಲ್ಲಿ ನಾನು ಅವರ ಮನೆಯ ಮಹಡಿಯ ಕೋಣೆಗೆ ಬಾಡಿಗೆಗೆ ಹೋದೆ. ಮುತ್ತುಬೆಟ್ಟು ಎಂಬ ದ್ವೀಪ ಯಾವ ಭೂಪಟದಲ್ಲೂ ಇಲ್ಲ. ಶೆಟ್ಟರೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ನಕಾಶೆಯಲ್ಲಿ ಇತ್ತು. ಅಲ್ಲಿಂದ ಮೆಣಸು, ತೆಂಗಿನ ನಾರು, ಒಣಮೀನು ಹೊರದೇಶಕ್ಕೆ ಹೋಗುತ್ತಿದ್ದವು. ಬಿಳಿಯರು ಅದನ್ನು ಎರಡು ಸಲ ಗೆದ್ದರು. ಸಾರಿನ ಖಾರ ತಡೆಯಲಾರದೆ ಎರಡು ಸಲವೂ ಬಿಟ್ಟು ಹೋದರು.

"ಹ್ವಾಯ್, ನಿನ್ನೆ ತೆಂಕಣ ಕೋಟೆ ಬಿತ್ತ್," ಎನ್ನುತ್ತ ಬೆಳಿಗ್ಗೆ ಕಾಫಿ ಲೋಟ ಮುಂದಿಡುವರು. ನಾನು ಮೈಸೂರಿನವನು, ಯೋಗ್ಯ ಸಂತಾಪ ಸೂಚಿಸಿ ಟ್ಯೂಬ್ ರೈಲು ಹಿಡಿಯುತ್ತಿದ್ದೆ.

ಅವರು ಕಣ್ಣಿನ ಪೊರೆ ತೆಗೆಸಿಕೊಂಡ ವಾರ, ದಿನವೂ ನೋಟ್‌ಪುಸ್ತಕದಲ್ಲಿ ಬರೆಯುತ್ತಿದ್ದ ದ್ವೀಪದ ಇತಿಹಾಸದ ಹೊಣೆ ನನಗೆ ಬಂತು. "ಇವತ್ತ್ ಅರಸ ಸಾಯ್ಲಿ, ಉಳದ್ದ್ ನೀವೇ ಕಾಣಿ," ಎಂದು ಮಲಗಿದರು. ನಾನು ಅರಸನನ್ನು ಗೌರವದಿಂದ ಸಾಯಿಸಿ, ಆನೆ, ನಗಾರಿಗಳ ಸಮೇತ ಮಗನಿಗೆ ಪಟ್ಟ ಕಟ್ಟಿ, ಸಂಜೆ ಓದಿ ಹೇಳಿದೆ. ಶೆಟ್ಟರು ಪಟ್ಟಿ ಕಟ್ಟದ ಕಣ್ಣಿನಿಂದ ನನ್ನನ್ನೇ ನೋಡಿದರು.

"ಮಗನಿಗಾ? ನಮ್ಮಲ್ಲಿ ಮಗನಿಗೆ ಎಂತ ಇತ್ತ್ ಮಾರಾಯ್ರೆ? ಪಟ್ಟ ತಂಗಿ ಮಕ್ಕಳಿಗೆ."

ಅವರ ಕಡೆ ಅಳಿಯಸಂತಾನದ ಕಟ್ಟು. ಮನೆತನದ ಹಕ್ಕು ಸೋದರಿಯ ಮಕ್ಕಳದು. ಸಮುದ್ರದ ನಡುವೆಯೂ ಅದು ನಡೆಯುತ್ತದೆಂದು ನನಗೆ ಹೊಳೆದಿರಲಿಲ್ಲ. ಬರೆದದ್ದನ್ನು ಹೊಡೆದು ಹಾಕುವುದು ಶೆಟ್ಟರ ಪದ್ಧತಿಯಲ್ಲ. ಹೀಗಾಗಿ ನಿಜವಾದ ಅಳಿಯ ಏಳು ಹಡಗು ಸೈನ್ಯ ತಂದು ಸಿಂಹಾಸನ ಗೆಲ್ಲಬೇಕಾಯಿತು. ಆಮೇಲೆ ಮನೆಗೆ ಬಂದವರಿಗೆಲ್ಲ ನನ್ನ ಪರಿಚಯ ಒಂದೇ: "ಇವ್ರಿಂದಾಗಿ ನಮ್ಮಲ್ಲಿ ನಾಲ್ಕ್ ವರ್ಷ ಯುದ್ಧ ಆಯ್ತ್."

ಹೃದಯ ಸೋತಿದೆ ಎಂದು ಜಿಪಿ ಡಾಕ್ಟರು ಹೇಳಿದಾಗ ಶೆಟ್ಟರು ಯೋಚಿಸಿದ್ದು ಹೃದಯದ ಬಗ್ಗೆಯಲ್ಲ, ತುಂಬಿದ ಹನ್ನೆರಡು ನೋಟ್‌ಪುಸ್ತಕಗಳ ಬಗ್ಗೆ. ನಾನು ಇಟ್ಟುಕೊಳ್ಳುತ್ತೇನೆಂದೆ. "ನೀವ್ ಒಳ್ಳೆಯವ್ರ್. ಆರೆ ನನ್ ತಂಗಿ ಹೆತ್ತದ್ದಲ್ಲ," ಎಂದರು. ತಂಗಿಗಿದ್ದವಳು ಒಬ್ಬಳೇ ಮಗಳು, ರಂಜಿತಾ. ಇಲ್ಲೇ ಇಲ್ಫರ್ಡಿನಲ್ಲಿ ಹುಟ್ಟಿ ಬೆಳೆದವಳು, ಸ್ಟ್ರಾಟ್‌ಫರ್ಡಿನಲ್ಲಿ ಹಡಗು ಸರಕಿನ ಆಫೀಸಿನಲ್ಲಿ ಕೆಲಸ. ಕನ್ನಡ ಅರ್ಥವಾಗುತ್ತಿತ್ತು, ಓದಲು ಬಾರದು. ತಾನು ಹೋದ ಮರುದಿನವೇ ದ್ವೀಪ ಕೌನ್ಸಿಲ್‌ನ ರೀಸೈಕ್ಲಿಂಗ್ ಡಬ್ಬಿ ಸೇರುತ್ತದೆ ಎಂಬ ಭಯ ಶೆಟ್ಟರಿಗೆ.

ಒಂದು ಭಾನುವಾರ ಅವಳನ್ನು ಕೋಳಿ ಸಾರಿಗೆ ಕರೆದು, ಊಟವಾದ ಮೇಲೆ ಬಂದರಿನ ಅಧ್ಯಾಯ ಓದತೊಡಗಿದರು. ಅವಳು ಫೋನ್ ನೋಡುತ್ತಿದ್ದಳು. ಮೆಣಸಿನ ಹಡಗಿಗೆ ಅರಸ ಮೂರು ಪಟ್ಟು ಸುಂಕ ಹಾಕುವ ಕಡೆ ಬಂದಾಗ ತಲೆ ಎತ್ತದೆಯೇ ಹೇಳಿದಳು: "ನೋ ಮಾವ, ದಟ್ ವೋಂಟ್ ವರ್ಕ್. ದೇ'ಲ್ ಜಸ್ಟ್ ಗೋ ಟು ದ ನೆಕ್ಸ್ಟ್ ಪೋರ್ಟ್."

ಶೆಟ್ಟರು ಪುಸ್ತಕ ಮುಚ್ಚಿದರು. ಸಿಟ್ಟು ಬಂತೆಂದು ನಾನು ಎದ್ದು ತಟ್ಟೆಗಳನ್ನು ಒಟ್ಟುಮಾಡಿದೆ.

"ಹಾಂಗಾರೆ ಎಷ್ಟ್ ಹಾಕೂದ್?" ಎಂದರು ಮೆತ್ತಗೆ.

ಅವಳು ಫೋನ್ ಕೆಳಗಿಟ್ಟಳು. ಇಬ್ಬರೂ ಸಂಜೆಯವರೆಗೆ ಸುಂಕದ ಬಗ್ಗೆ ಜಗಳವಾಡಿದರು. ಅವಳು ಹೊರಡುವಾಗ ಶೆಟ್ಟರು ಹನ್ನೆರಡೂ ಪುಸ್ತಕಗಳನ್ನು ಅವಳ ಮುಂದಿಟ್ಟರು.

"ಮಾವ, ಐ ಕಾಂಟ್ ಈವನ್ ರೀಡ್ ಇಟ್."

"ಓದೂದ್ ಮಂತ್ರಿ ಕೆಲ್ಸ," ಎಂದು ಗಲ್ಲ ಎತ್ತಿ ನನ್ನನ್ನು ತೋರಿಸಿದರು. "ಆಳೂದ್ ನಿನ್ ಕೆಲ್ಸ."

ಅದು ನಾವು ಮೂವರೂ ಒಟ್ಟಿಗೆ ಕೂತ ಕೊನೆಯ ಊಟ. ಮಾರ್ಚಿನಲ್ಲಿ ಶೆಟ್ಟರು ತೀರಿಕೊಂಡರು. ನನ್ನ ಬಳಿಯೇ ಉಳಿದ ಹನ್ನೆರಡು ಪುಸ್ತಕಗಳನ್ನೂ ರಂಜಿತಾಗೆ ಭಾನುವಾರಗಳಲ್ಲಿ ಫೋನಿನಲ್ಲೇ ಓದಿ ಮುಗಿಸಲು ನನಗೆ ಒಂದೂವರೆ ವರ್ಷ ಹಿಡಿಯಿತು. ಹದಿಮೂರನೆಯದನ್ನು ಅವಳು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಾಳೆ.