ಆಪರೇಷನ್ ಕೋಣೆಯಲ್ಲಿ ಕೈ ಹಿಡಿದು ಕೂರುವ ಪುಟ್ಟತಾಯಮ್ಮ

ಬೆಳಗಿನ ಆರು ಗಂಟೆ. ನಜರ್‌ಬಾದಿನ ಖಾಸಗಿ ಆಸ್ಪತ್ರೆಯೊಂದರ ಎರಡನೇ ಮಹಡಿ. ಕಾಲೇಜು ಹುಡುಗನೊಬ್ಬ ಮಂಚದ ಅಂಚಿನಲ್ಲಿ ಕೂತಿದ್ದಾನೆ. ಆಯಾ ಪುಟ್ಟತಾಯಮ್ಮ ಹಿಂದೆ ನಿಂತು ಅವನ ಕಿವಿಯ ಹಿಂಬದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಾರೆ. ಹೊರಕ್ಕೆ ಚಾಚಿಕೊಂಡ ಕಿವಿಗಳು. ಇನ್ನು ಸ್ವಲ್ಪ ಹೊತ್ತಿಗೆ ಅವನ್ನು ತಲೆಯತ್ತ ಸರಿಸಿ ಕೂರಿಸುವ ಶಸ್ತ್ರಚಿಕಿತ್ಸೆ.

"ನೀವೋಗಿ ಕಾಫಿ ಕುಡ್ಕೊಂಡ್ ಬನ್ನಿ" ಎಂದು ಅವನ ತಾಯಿಯನ್ನು ಕೆಳಗೆ ಕಳಿಸಿ, ಹುಡುಗನ ಎದುರು ಬಂದು ನಿಲ್ಲುತ್ತಾರೆ. "ಈಗ ಯೋಳಪ್ಪ. ಇದು ನಿಂಗೇ ಬೇಕಾ?"

"ಬೇಕು ಆಂಟಿ. ಎಂಟನೇ ಕ್ಲಾಸಿಂದ ಕಾಯ್ತಿದೀನಿ."

"ಸರಿ ಬುಡು. ಅಂಗಾದ್ರೆ ಭಯ ಪಡಬ್ಯಾಡ."

ಪುಟ್ಟತಾಯಮ್ಮನವರಿಗೆ ಐವತ್ತೆಂಟು ವರ್ಷ. ಹುಟ್ಟಿದ್ದು ನರಸೀಪುರದ ಕಡೆಯ ಹಳ್ಳಿಯಲ್ಲಿ, ಈಗ ಮನೆ ಕೆಸರೆ. ಗಾರೆ ಕೆಲಸದ ಗಂಡ ಮೂಗಯ್ಯ ಕಟ್ಟಡದ ಸಾರ್ವೆಯಿಂದ ಬಿದ್ದು ಇದೇ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. ಉಳಿಯಲಿಲ್ಲ. ಅವರನ್ನು ನೋಡಿಕೊಳ್ಳಲು ಬಂದಿದ್ದ ಹೆಂಡತಿ ಇಲ್ಲಿಯೇ ನೆಲ ಒರೆಸಲು ಸೇರಿಕೊಂಡರು. ಆಮೇಲೆ ವಾರ್ಡಿಗೆ, ಅಲ್ಲಿಂದ ಆಪರೇಷನ್ ಥಿಯೇಟರಿಗೆ.

ದೊಡ್ಡವರಿಗೆ ಈ ಚಿಕಿತ್ಸೆ ಮಾಡುವಾಗ ಇಲ್ಲಿ ಸಾಮಾನ್ಯವಾಗಿ ಪ್ರಜ್ಞೆ ತಪ್ಪಿಸುವುದಿಲ್ಲ. ಕಿವಿಯ ಸುತ್ತ ಮಾತ್ರ ಮರಗಟ್ಟಿಸುತ್ತಾರೆ. ನೋವಿಲ್ಲ, ಆದರೆ ಕತ್ತರಿ ಆಡುವ ಸದ್ದು, ದಾರ ಎಳೆಯುವ ಸದ್ದು ಎಲ್ಲವೂ ಕಿವಿಯ ಬುಡದಲ್ಲೇ. ಮುಖದ ಮೇಲೆ ಹಸಿರು ಬಟ್ಟೆ ಬೇರೆ. ಆ ಬಟ್ಟೆಯ ಅಡಿಯಲ್ಲಿ ರೋಗಿಯ ಕೈ ಹಿಡಿದುಕೊಂಡು, ಸಾರು, ಸಿನಿಮಾ, ಬಸ್ಸಿನ ಜಗಳ ಅಂತ ಬಾಯಿಗೆ ಬಂದದ್ದು ಮಾತಾಡುತ್ತಾ ಕೂರುವುದೇ ಪುಟ್ಟತಾಯಮ್ಮನ ಕೆಲಸ. "ಅವರು ರಜಾ ಹಾಕಿದ ದಿನ ಪೇಷೆಂಟ್‌ಗಳು ಅಲ್ಲಾಡ್ತಾನೇ ಇರ್ತಾರೆ" ಎನ್ನುತ್ತಾರೆ ಸರ್ಜನ್ ಡಾ. ಮಾಧವ.

"ಎಲ್ಲಾ ಯೋಳ್ಕೋತವೆ ಕಣ್ರೀ" ಎನ್ನುತ್ತಾರೆ ಆಕೆ. "ಕ್ಲಾಸಲ್ಲಿ ಯಾರು ಕಿವಿ ಎಳೆದ್ರು, ಮದ್ವೇಲಿ ಯಾರು ನಕ್ರು, ಎಲ್ಲಾ."

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿ ಬಂದಿದ್ದಳು. "ಅವಳೆಸ್ರು ಬ್ಯಾಡ, ರಂಜನಿ ಅಂತ ಬರ್ಕೊಳ್ಳಿ." ಆಗಷ್ಟೇ ಡಿಗ್ರಿ ಮುಗಿದಿತ್ತು. ನೋಡಲು ಬಂದ ಗಂಡಿನ ಕಡೆಯವರು, ಹುಡುಗಿ ಲಕ್ಷಣವಾಗಿದ್ದಾಳೆ, ಕಿವಿ ಒಂದು ಹೀಗಿರಬಾರದಿತ್ತು ಅಂದು ಹೋಗಿದ್ದರು. ಮರುವಾರವೇ ತಾಯಿ ಕರೆತಂದರು. ಹುಡುಗಿ ಸಹಿ ಹಾಕಿದಳು, ಸುಮ್ಮನೆ ನಡೆದು ಬಂದಳು, ಮಲಗಿದಳು. ಎರಡೂ ಕಡೆ ಇಂಜೆಕ್ಷನ್ ಆದ ಮೇಲೆ ಹಸಿರು ಬಟ್ಟೆಯ ಕೆಳಗಿಂದ ಮೆಲ್ಲಗೆ, "ಆಂಟಿ, ನಂಗೆ ಇದು ಬೇಡ" ಅಂದಳು.

"ಎಲ್ರಿಗೂ ಯೋಳೋದ್ನೇ ಯೋಳ್ದೆ. ಭಯ ಪಡಬ್ಯಾಡ ಕಣವ್ವ, ಈಗ ಮುಗ್ದೋಯ್ತದೆ ಅಂತ. ಕೈ ಬಿಡಿಸ್ಕೊಳಕ್ಕೆ ಎಳೆದ್ಲು. ನಾನು ಇನ್ನೂ ಗಟ್ಟಿಯಾಗಿ ಹಿಡ್ಕೊಂಡ್ಬುಟ್ಟೆ." ಪುಟ್ಟತಾಯಮ್ಮ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಾರೆ. "ಆಮೇಲೆ ಸುಮ್ಕಾದ್ಲು. ಧೈರ್ಯ ಬಂತು ಅಂದ್ಕೊಂಡೆ."

ವಾರದ ನಂತರ ಪಟ್ಟಿ ಬಿಚ್ಚಿದರು. ಕಿವಿ ಚೆನ್ನಾಗಿಯೇ ಕೂತಿತ್ತು. ತಾಯಿ ಅಲ್ಲೇ ನೆಟಿಗೆ ಮುರಿದು ದೃಷ್ಟಿ ತೆಗೆದು, ಔಷಧಿ ತರಲು ಕೆಳಗಿಳಿದರು. ಕನ್ನಡಿ ಹಿಡಿದಿದ್ದ ಪುಟ್ಟತಾಯಮ್ಮನಿಗೆ ರಂಜನಿ ಹೇಳಿದಳಂತೆ: "ಅವತ್ತು ಭಯ ಆಗಿರಲಿಲ್ಲ ಆಂಟಿ. ಬೇಡ ಅಂದಿದ್ದೆ. ನನ್ನ ಕಿವಿ ನನಗೆ ಇಷ್ಟ ಇತ್ತು. ಮನೇಲಿ ಯಾರೂ ಕೇಳಲಿಲ್ಲ. ನಿಮಗೊಬ್ರಿಗೇ ಹೇಳಿದ್ದು."

ಆ ಸಂಬಂಧ ಕೂಡಿ ಬರಲಿಲ್ಲ. ಜಾತಕದ ನೆಪ ಹೇಳಿದರಂತೆ. ಮುಂದಿನ ಸಲ ಮುಲಾಮು ಕೇಳಲು ತಾಯಿಯೊಬ್ಬರೇ ಬಂದರು. ಮಗಳು ಹೇಗಿದ್ದಾಳೆ ಅಂದದ್ದಕ್ಕೆ, "ಮಾತೇ ಆಡಲ್ಲ ನಮ್ಮ ಹತ್ರ" ಅಂದರು.

ಪುಟ್ಟತಾಯಮ್ಮ ಎಲ್ಲವನ್ನೂ ಡಾಕ್ಟರಿಗೆ ಹೇಳಿದರು. ಅವರು, "ನೀವು ನನಗೆ ಆಗಲೇ ಒಂದು ಮಾತು ಹೇಳಬೇಕಿತ್ತು. ನಾನೂ ಅವಳನ್ನ ಒಬ್ಬಳನ್ನೇ ಕೂರಿಸ್ಕೊಂಡು ಕೇಳಬೇಕಿತ್ತು" ಅಂದರು. ಅಂದಿನಿಂದ ಮನೆಯವರನ್ನು ಕಾಫಿಗೆ ಕಳಿಸುವುದು ಶುರುವಾಯಿತು. ಯಾರಾದರೂ ಬೇಡ ಅಂದರೆ ಡಾಕ್ಟರೇ ಹೊರಬಂದು, ಇವತ್ತು ಆಗುವುದಿಲ್ಲ ಅನ್ನುತ್ತಾರೆ. ಅಪ್ಪನ ಬಲವಂತಕ್ಕೆ ಬಂದಿದ್ದ ಹುಡುಗಿಯೊಬ್ಬಳು ಹಾಗೆಯೇ ವಾಪಸು ಹೋದಳು. "ನಗ್ತಾ ಮೆಟ್ಲಿಳಿದ್ಲು. ನಂಗೆ ಖುಷಿ ಆಗ್ಬೇಕಿತ್ತು. ಅಳು ಬಂದ್ಬುಡ್ತು."

ಹುಡುಗನ ಆಪರೇಷನ್ ಮುಗಿದಿದೆ. ವರಾಂಡದಲ್ಲಿ ಕೂತು ಡಬ್ಬಿಯ ಚಿತ್ರಾನ್ನ ಬಿಚ್ಚುತ್ತಿರುವ ಪುಟ್ಟತಾಯಮ್ಮನಿಗೆ ಕೆಲಸದಿಂದ ನಿವೃತ್ತಿಯಾಗುವ ಕಾಲ ಹತ್ತಿರವಾಗುತ್ತಿದೆ. ಏನಾದರೂ ಆಸೆ ಉಳಿದಿದೆಯೇ ಎಂದರೆ ಡಬ್ಬಿಯನ್ನು ಪಕ್ಕಕ್ಕಿಟ್ಟು ಹೇಳುತ್ತಾರೆ.

"ಆ ರಂಜನೀನ ದೇವರಾಜ ಮೊಹಲ್ಲಾದ ಬಟ್ಟೆ ಅಂಗ್ಡೀಲಿ ಒಂದ್ಸಲ ಕಂಡೆ. ಕೂದ್ಲು ಇಳಿಬಿಟ್ಟು ಕಿವಿ ಮುಚ್ಕೊಂಡಿದ್ಲು. ಆಸ್ಪತ್ರೇಲಿ ಮಾಸ್ಕ್ ಹಾಕಿರ್ತೀನಲ್ಲ, ನನ್ ಗುರ್ತು ಸಿಗ್ನಿಲ್ಲ. ಮಾತಾಡಿದ್ರೆ ದನಿ ಗುರ್ತು ಹಿಡೀತಿದ್ಲು. ಬಾಯೇ ಬರ್ನಿಲ್ಲ. ಇನ್ನೊಂದ್ಸಲ ಸಿಕ್ರೆ ಮಾತಾಡ್ಬುಡ್ಬೇಕು. ಕ್ಷಮಿಸು ಅಂತ ಕೇಳಕ್ಕಲ್ಲ. ನೀನು ಬ್ಯಾಡ ಅಂದಿದ್ದು ನಂಗೆ ಕೇಳ್ಸಿತ್ತು ಕಣವ್ವ ಅಂತ ಯೋಳಕ್ಕೆ."